ಆರದ ಹಳದಿ ದೀಪ, ಸಿಡಿಯುವ ಸೈಲೆನ್ಸರ್

ಪ್ರಶ್ನೆ: ನನ್ನದು 2021ರ 150 ಸಿಸಿ ಬೈಕ್. ಸೈಲೆನ್ಸರ್ ಬದಲಾಯಿಸಿದ ಮೇಲೆ ಆಗುಂಬೆ ಘಾಟಿ ಇಳಿಯುವಾಗ ಪಟ್ ಪಟ್ ಅಂತ ಸಿಡಿಯುತ್ತದೆ. ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪವೂ ಆರುತ್ತಿಲ್ಲ. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಬದಲಿಸಬೇಕಾ?
– ಓದುಗರು, ತೀರ್ಥಹಳ್ಳಿ

ಉತ್ತರ: ಇಂಜೆಕ್ಟರ್‌ಗೆ ಸುಮ್ನೆ ದುಡ್ಡು ಹಾಕಬೇಡಿ. ಕೀ ಆನ್ ಮಾಡಿದಾಗ ಹತ್ತುವ ಆ ದೀಪ, ಎಂಜಿನ್ ಶುರುವಾದ ಮೇಲೆ ಆರಬೇಕು. ಆರದಿದ್ದರೆ ಇಸಿಯು (ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಏನೋ ದೋಷ ಗುರುತಿಸಿದೆ ಅಂತ ಅರ್ಥ.

ಸೈಲೆನ್ಸರ್ ಬದಲಾದ ಮೇಲೆ ಶುರುವಾಯ್ತು ಅಂದಿರಿ, ಅಲ್ವಾ? ಹೊಗೆ ಸಾಗಿಸುವ ಬೆಂಡ್ ಪೈಪ್ ಎಂಜಿನ್‌ಗೆ ಸೇರುವ ಕಡೆ ಸಂದು ಮುಚ್ಚುವ ಒಂದು ಗ್ಯಾಸ್ಕೆಟ್ ರಿಂಗ್ ಇರುತ್ತದೆ. ಚಪ್ಪಟೆಯಾದ ಹಳೆಯದನ್ನೇ ಮತ್ತೆ ಕೂರಿಸಿದರೆ ಸಂದು ಉಳಿಯುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಹೊರಗಿನ ಗಾಳಿ ಅಲ್ಲಿಂದ ನುಗ್ಗುತ್ತದೆ. ಉರಿಯದೆ ಬಂದ ಪೆಟ್ರೋಲ್ ಬಿಸಿ ಪೈಪಿನೊಳಗೇ ಹೊತ್ತಿಕೊಳ್ಳುತ್ತದೆ. ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಕೂಡ ಈ ಗಾಳಿಯಿಂದ ಮೋಸ ಹೋಗುತ್ತದೆ; ದೀಪ ಆರದಿರಲು ಅದೇ ಕಾರಣ ಇರಬಹುದು.

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಆ ಜಾಯಿಂಟ್ ಕಡೆ ಕಿವಿ ಕೊಡಿ. ಟಿಕ್ ಟಿಕ್ ಸದ್ದು, ಸುತ್ತ ಕಪ್ಪು ಮಸಿ ಇದ್ದರೆ ಲೀಕ್ ಅಲ್ಲೇ. ಹೊಸ ರಿಂಗ್ ಹಾಕಿಸಿ. ಸೆನ್ಸರ್ ವಯರನ್ನೂ ಕೈಯಲ್ಲಿ ಹಿಡಿದು ನೋಡಿ. ಪೈಪಿಗೆ ತಾಗಿ ಕರಗಿದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಆಮೇಲೂ ದೀಪ ಆರದಿದ್ದರೆ ಸ್ಕ್ಯಾನರ್ ಹಾಕಿಸಿ, ಇಸಿಯು ದಾಖಲಿಸಿದ ದೋಷದ ಕೋಡ್ ಓದಿಸಿ.