ಓದುಗರ ಪ್ರಶ್ನೆಗೆ ಉತ್ತರ: ಮನೆಯಲ್ಲಿ ಜಾಝ್ ಅಭ್ಯಾಸಕ್ಕೆ ಯಾವ ತಂತ್ರಾಂಶ?

ಪ್ರಶ್ನೆ: ನಾನು ಹನ್ನೆರಡು ವರ್ಷಗಳಿಂದ ಆಲ್ಟೊ ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸುತ್ತಿದ್ದೇನೆ. ಮದುವೆ ಮತ್ತು ದೇವಸ್ಥಾನದ ಉತ್ಸವಗಳಲ್ಲಿ ನುಡಿಸುವುದೇ ನನ್ನ ವೃತ್ತಿ. ಒಂದು ವರ್ಷದಿಂದ ಜಾಝ್ ಕಲಿಯಬೇಕೆಂಬ ಆಸೆ ಬಲವಾಗಿದೆ. ಆದರೆ ನಮ್ಮ ಕಡೆ ಪಿಯಾನೊ, ಡಬಲ್ ಬೇಸ್ ನುಡಿಸುವ ಜೊತೆಗಾರರು ಸಿಗುವುದಿಲ್ಲ. ಶ್ರುತಿಪೆಟ್ಟಿಗೆ ಇಟ್ಟುಕೊಂಡು ಸಾಧಕ ಮಾಡುವಂತೆ ಜಾಝ್‌ಗೂ ಪಕ್ಕವಾದ್ಯದ ತಂತ್ರಾಂಶಗಳಿವೆ ಎಂದು ಕೇಳಿದ್ದೇನೆ. ಐರಿಯಲ್ ಪ್ರೊ, ಬ್ಯಾಂಡ್-ಇನ್-ಎ-ಬಾಕ್ಸ್ ಎಂಬ ಎರಡು ಹೆಸರುಗಳನ್ನು ಸ್ನೇಹಿತರು ಹೇಳಿದರು. ನನ್ನ ಬಳಿ ಆಂಡ್ರಾಯ್ಡ್ ಫೋನ್ ಮತ್ತು ಒಂದು ಹಳೆಯ ಲ್ಯಾಪ್‌ಟಾಪ್ ಇವೆ. ಯಾವುದನ್ನು ಕೊಳ್ಳಲಿ?
— ಓದುಗರೊಬ್ಬರು, ಮೂಡುಬಿದಿರೆ

ಉತ್ತರ: ಫೋನಿಗೆ ಐರಿಯಲ್ ಪ್ರೊ ಕೊಳ್ಳಿ, ಮೊದಲ ಒಂದೆರಡು ವರ್ಷಗಳಿಗೆ ನಿಮಗೆ ಅದಷ್ಟೇ ಸಾಕು. ಆದರೆ ಅದನ್ನು ಶ್ರುತಿಪೆಟ್ಟಿಗೆಯಂತೆ ಬಳಸಲು ಹೊರಟರೆ ಕೊಂಡ ಹಣ ವ್ಯರ್ಥವಾಗುತ್ತದೆ. ಆದ್ದರಿಂದ ಈ ಎರಡಕ್ಕೂ ಇರುವ ವ್ಯತ್ಯಾಸವನ್ನು ಮೊದಲು ಹೇಳುತ್ತೇನೆ.

ತಂಬೂರಿಯ ಷಡ್ಜ ಕಛೇರಿ ಮುಗಿಯುವವರೆಗೆ ಕದಲುವುದಿಲ್ಲ. ನಿಮ್ಮ ಕಿವಿ ಹನ್ನೆರಡು ವರ್ಷಗಳಿಂದ ಪ್ರತಿಯೊಂದು ಸ್ವರವನ್ನೂ ಆ ಒಂದೇ ಆಧಾರಕ್ಕೆ ಒರೆಹಚ್ಚಿ ನೋಡುತ್ತಾ ಬಂದಿದೆ. ಜಾಝ್‌ನಲ್ಲಿ ಆ ಆಧಾರವೇ ಒಂದೆರಡು ಬಾರ್‌ಗಳಿಗೊಮ್ಮೆ (ಬಾರ್ ಎಂದರೆ ಸಾಮಾನ್ಯವಾಗಿ ನಾಲ್ಕು ಅಕ್ಷರಗಳ ಒಂದು ಘಟಕ) ಸ್ಥಾನ ಬದಲಿಸುತ್ತದೆ. ಜಾಝ್ ಕೃತಿಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಎದುರಾಗುವ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಸರಣಿಯನ್ನೇ ನೋಡಿ: ಡಿ ಮೈನರ್ ಸೆವೆನ್, ಜಿ ಸೆವೆನ್, ಸಿ ಮೇಜರ್ ಸೆವೆನ್. ಮೂರೂ ಕಾರ್ಡ್‌ಗಳ ಸ್ವರಗಳು ಸಿ ಷಡ್ಜದ ಶಂಕರಾಭರಣದೊಳಗೇ ಇವೆ. ಆದರೆ ಬೇಸ್ ಮೊದಲು ರಿಷಭದ ಮೇಲೆ, ಅನಂತರ ಪಂಚಮದ ಮೇಲೆ, ಕೊನೆಗೆ ಷಡ್ಜದ ಮೇಲೆ ನಿಲ್ಲುತ್ತದೆ. ರಿಷಭವನ್ನು ಷಡ್ಜವೆಂದು ಭಾವಿಸಿದರೆ ಖರಹರಪ್ರಿಯ, ಪಂಚಮವನ್ನು ಭಾವಿಸಿದರೆ ಹರಿಕಾಂಭೋಜಿ ಕೇಳಿಸುವುದು ನಿಮಗೆ ಗ್ರಹಭೇದದ ಪಾಠದಿಂದಲೇ ತಿಳಿದಿರುವ ಸಂಗತಿ. ನಮ್ಮ ವಿದ್ವಾಂಸರು ಆಲಾಪನೆಯ ನಡುವೆ ವಿಶೇಷ ಅಲಂಕಾರವಾಗಿ ತೋರಿಸುವ ಈ ಕ್ರಮ ಜಾಝ್ ವಾದಕನಿಗೆ ಪ್ರತಿ ಕ್ಷಣದ ದಿನಚರಿ. ಹಾಗಾಗಿ ನಿಮಗೆ ಬೇಕಾದ ತಂತ್ರಾಂಶದ ಮೊದಲ ಲಕ್ಷಣವೆಂದರೆ ಬೇಸ್ ವಾದ್ಯವನ್ನು ಪ್ರತ್ಯೇಕವಾಗಿ, ಸ್ಪಷ್ಟವಾಗಿ ಕೇಳಿಸುವುದು, ಮತ್ತು ಉಳಿದ ವಾದ್ಯಗಳನ್ನು ನಿಮಗೆ ಬೇಕೆಂದಾಗ ಮೌನವಾಗಿಸಲು ಬಿಡುವುದು. ಧ್ವನಿಯ ಸೊಗಸು ಎರಡನೆಯದು.

ಐರಿಯಲ್ ಪ್ರೊ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಇದನ್ನು ರೂಪಿಸಿದ ಮಾಸ್ಸಿಮೊ ಬಿಯೊಲ್ಕಾಟಿ ಸ್ವತಃ ಜಾಝ್ ಬೇಸ್ ವಾದಕರು. ತೆರೆಯ ಮೇಲೆ ಕೃತಿಯ ಕಾರ್ಡ್‌ಗಳು ಚೌಕಗಳಲ್ಲಿ ಮೂಡುತ್ತವೆ. ಪಿಯಾನೊ, ಬೇಸ್ ಮತ್ತು ಡ್ರಮ್ಸ್ ಅವನ್ನು ನೀವು ಹೇಳಿದ ಕಾಲಪ್ರಮಾಣದಲ್ಲಿ, ನೀವು ಹೇಳಿದ ಶ್ರುತಿಯಲ್ಲಿ, ಎಷ್ಟು ಆವರ್ತ ಬೇಕಾದರೂ ನುಡಿಸುತ್ತವೆ. ಪ್ರತಿ ವಾದ್ಯದ ಧ್ವನಿಮಟ್ಟವನ್ನೂ ಬೇರೆಬೇರೆಯಾಗಿ ತಗ್ಗಿಸಬಹುದು. ಒಮ್ಮೆ ಹಣ ಕೊಟ್ಟರೆ ಸಾಕು, ತಿಂಗಳ ಬಾಡಿಗೆಯಿಲ್ಲ. ಸಾವಿರಕ್ಕೂ ಹೆಚ್ಚು ಜಾಝ್ ಕೃತಿಗಳ ಕಾರ್ಡ್ ಪಟ್ಟಿಗಳು ಉಚಿತವಾಗಿ ದೊರೆಯುತ್ತವೆ. ಆದರೆ ಅವುಗಳಲ್ಲಿ ಕಾರ್ಡ್‌ಗಳು ಮಾತ್ರ ಇರುತ್ತವೆ, ಕೃತಿಯ ಮೂಲ ರಾಗಧಾಟಿ ಇರುವುದಿಲ್ಲ. ಧಾಟಿಗೆ ಕೃತಿಸ್ವಾಮ್ಯವಿರುತ್ತದೆ, ಬರಿಯ ಕಾರ್ಡ್ ಸರಣಿಗೆ ಸಾಮಾನ್ಯವಾಗಿ ಇರುವುದಿಲ್ಲ. ಈ ಕೊರತೆ ಒಂದು ರೀತಿಯಲ್ಲಿ ನಿಮಗೆ ಒಳ್ಳೆಯದೇ. ಗುರುಮುಖದಿಂದ ಕೇಳಿ ಕಲಿತವರು ನೀವು. ಧಾಟಿಯನ್ನು ಧ್ವನಿಮುದ್ರಿಕೆಯಿಂದಲೇ ಕೇಳಿ ಕಲಿಯಿರಿ. ಆ ಪಟ್ಟಿಗಳು ಬಳಕೆದಾರರೇ ಬರೆದು ಹಂಚಿಕೊಂಡವಾದ್ದರಿಂದ ಅಲ್ಲಲ್ಲಿ ತಪ್ಪುಗಳೂ ಇರುತ್ತವೆ. ಅನುಮಾನ ಬಂದಲ್ಲಿ ಧ್ವನಿಮುದ್ರಿಕೆಯ ಬೇಸ್ ಹೇಳುವುದನ್ನೇ ನಂಬಬೇಕು.

ಕೊಂಡ ದಿನವೇ ಒಂದು ಹೊಂದಾಣಿಕೆಯನ್ನು ಮಾಡಿಕೊಳ್ಳಿ. ಆಲ್ಟೊ ಸ್ಯಾಕ್ಸೊಫೋನ್ ಇ ಫ್ಲಾಟ್ ವಾದ್ಯ. ಅದರಲ್ಲಿ ಸಿ ಸ್ವರದ ಬೆರಳಿಟ್ಟು ಊದಿದರೆ ಕೇಳಿಸುವುದು ಪಿಯಾನೊದ ಇ ಫ್ಲಾಟ್. ಪಿಯಾನೊ ಸಿ ಕಾರ್ಡ್ ನುಡಿಸುವಾಗ ನೀವು ಎ ಎಂದು ಭಾವಿಸಿ ಬೆರಳಿಡಬೇಕು. ಷಡ್ಜವನ್ನು ಅನುಕೂಲ ಕಂಡಲ್ಲಿ ಇಟ್ಟುಕೊಳ್ಳುವ ನಮ್ಮ ಪದ್ಧತಿಯಲ್ಲಿ ಈ ಲೆಕ್ಕ ಎಂದೂ ಎದುರಾಗುವುದಿಲ್ಲ, ಆದ್ದರಿಂದ ಮೊದಲ ವಾರ ಗೊಂದಲವಾಗುವುದು ಸಹಜ. ಆ್ಯಪ್‌ನ ಆಯ್ಕೆಗಳಲ್ಲಿ ಇ ಫ್ಲಾಟ್ ವಾದ್ಯ ಎಂದು ಸೂಚಿಸಿದರೆ ತೆರೆಯ ಮೇಲಿನ ಕಾರ್ಡ್‌ಗಳು ನಿಮ್ಮ ಬೆರಳಿಗೆ ತಕ್ಕಂತೆ ಬದಲಾಗುತ್ತವೆ, ಕೇಳಿಸುವ ಶ್ರುತಿ ಮಾತ್ರ ಹಾಗೆಯೇ ಉಳಿಯುತ್ತದೆ.

ಇನ್ನು ಎಲ್ಲಿಂದ ಆರಂಭಿಸುವುದು? ಅಮೆರಿಕದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1959ರಲ್ಲಿ ಧ್ವನಿಮುದ್ರಿಸಿದ ‘ಸೋ ವಾಟ್’ ಎಂಬ ಕೃತಿಯಿಂದ ಆರಂಭಿಸಿ ಎಂದು ನಾನು ಹೇಳುತ್ತೇನೆ. ಅದರ ಒಂದು ಆವರ್ತ 32 ಬಾರ್‌ಗಳದ್ದು. ಮೊದಲ 16 ಬಾರ್‌ಗಳು ಡಿ ಆಧಾರದ ಡೋರಿಯನ್, ಮುಂದಿನ 8 ಬಾರ್‌ಗಳು ಅರ್ಧ ಸ್ವರ ಮೇಲೇರಿ ಇ ಫ್ಲಾಟ್ ಆಧಾರದ ಡೋರಿಯನ್, ಕೊನೆಯ 8 ಬಾರ್‌ಗಳು ಮತ್ತೆ ಡಿ. ಡೋರಿಯನ್ ಎಂದರೆ ಸ್ವರಸ್ಥಾನಗಳ ಮಟ್ಟಿಗೆ ನಿಮ್ಮ ಖರಹರಪ್ರಿಯವೇ. ಪ್ರತಿ ಬಾರ್‌ಗೆ ನಾಲ್ಕು ಅಕ್ಷರಗಳಂತೆ ಆದಿತಾಳಕ್ಕೆ ಅಳವಡಿಸಿದರೆ ಎಂಟು ಆವರ್ತ ಒಂದು ಷಡ್ಜ, ನಾಲ್ಕು ಆವರ್ತ ಅದಕ್ಕಿಂತ ಅರ್ಧ ಸ್ವರ ಮೇಲಿನ ಷಡ್ಜ, ಮತ್ತೆ ನಾಲ್ಕು ಆವರ್ತ ಮೊದಲಿನದು. ನಿಮ್ಮ ವಾದ್ಯದ ಬೆರಳುಗಳಲ್ಲಿ ಇದು ಬಿ, ಅನಂತರ ಸಿ, ಪುನಃ ಬಿ. ಷಡ್ಜ ಕದಲುವ ಅನುಭವವನ್ನು ಇಷ್ಟು ವಿರಾಮವಾಗಿ, ಇಷ್ಟು ಪರಿಚಿತ ಸ್ವರಗಳಲ್ಲಿ ಕಲಿಸುವ ಬೇರೊಂದು ಕೃತಿ ನನಗೆ ತಿಳಿದಿಲ್ಲ. ಮೂಲ ಕೃತಿಗಿಂತ ನಿಧಾನವಾಗಿ, ನಿಮಿಷಕ್ಕೆ 80ರ ಕಾಲಪ್ರಮಾಣದಲ್ಲಿ ಹಿಡಿದು, ಷಡ್ಜ ಬದಲಾಗುವ ಆ ಎರಡು ಜಾಗಗಳಲ್ಲಿ ಮೊದಲು ಒಂದೊಂದು ದೀರ್ಘ ಸ್ವರವನ್ನಷ್ಟೇ ಊದಿ. ಮೇಲೇರುವ ಮುನ್ನಿನ ಕೊನೆಯ ಸ್ವರ ಮತ್ತು ಏರಿದ ಮೇಲಿನ ಮೊದಲ ಸ್ವರ ಒಂದಕ್ಕೊಂದು ಹೊಂದಿಕೊಂಡು ಕೇಳಿಸುವವರೆಗೆ ಕಲ್ಪನಾಸ್ವರಕ್ಕೆ ಇಳಿಯಬೇಡಿ. ಇದು ಕೈಗೆ ಬಂದ ಮೇಲೆ ಬ್ಲೂಸ್ ಎಂಬ 12 ಬಾರ್‌ಗಳ ಕಾರ್ಡ್ ಸುತ್ತಿಗೆ ಹೋಗಬಹುದು. ಅದರ ಒಂದು ಸುತ್ತು 48 ಅಕ್ಷರಗಳದ್ದು, ಅಂದರೆ ಆರು ಆದಿತಾಳದಷ್ಟು.

ಈಗ ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದ ಮಾತು. ನಾನು ಗಿಟಾರಿನಲ್ಲಿ ಜಾಝ್ ಕಲಿಯುವಾಗ ಸುಮಾರು ಎಂಟು ತಿಂಗಳು ಪೂರ್ಣ ಬ್ಯಾಕಿಂಗ್ ಟ್ರ್ಯಾಕ್ (ಸಿದ್ಧ ಪಕ್ಕವಾದ್ಯ) ಇಟ್ಟುಕೊಂಡೇ ಅಭ್ಯಾಸ ಮಾಡಿದೆ. ಎಲ್ಲವೂ ಸರಿಯಾಗಿಯೇ ಇದೆ ಎನಿಸಿತ್ತು. ಮೊದಲ ಬಾರಿಗೆ ಒಬ್ಬ ಬೇಸ್ ವಾದಕರ ಜೊತೆ ಕುಳಿತಾಗ ಎರಡನೆಯ ಆವರ್ತದ ನಡುವೆಯೇ ನಾನು ಎಲ್ಲಿದ್ದೇನೆಂಬುದು ತಪ್ಪಿಹೋಯಿತು. ಆವರ್ತದ ಲೆಕ್ಕವನ್ನು ಅಷ್ಟು ದಿನ ಇಟ್ಟದ್ದು ಯಂತ್ರ, ನಾನಲ್ಲ. ತೆರೆಯ ಮೇಲೆ ಹೊಳೆಯುವ ಚೌಕವನ್ನು ಕಣ್ಣು ಹಿಂಬಾಲಿಸುತ್ತಿದ್ದುದರಿಂದ ಕಿವಿಗೆ ಕೆಲಸವೇ ಇರಲಿಲ್ಲ. ಅಂದಿನಿಂದ ಕ್ರಮವನ್ನು ಬದಲಿಸಿದೆ. ಮೊದಲ ಕೆಲವು ದಿನ ಮೂರೂ ವಾದ್ಯಗಳು, ತೆರೆ ನೋಡುತ್ತಾ. ಅನಂತರ ಫೋನನ್ನು ಮುಖ ಕೆಳಗೆ ಮಾಡಿಟ್ಟು ನುಡಿಸುವುದು. ಆಮೇಲೆ ಪಿಯಾನೊ ಮೌನ. ಬೇಸ್ ಮತ್ತು ಡ್ರಮ್ಸ್ ಮಾತ್ರ. ಮುಂದೆ ಬೇಸ್ ಒಂದೇ. ಕೊನೆಗೆ ಎರಡನೆಯ ಮತ್ತು ನಾಲ್ಕನೆಯ ಅಕ್ಷರಗಳ ಮೇಲೆ ಮಾತ್ರ ಬಡಿಯುವ ಮೆಟ್ರೊನೋಮ್. ಆ ಹಂತದಲ್ಲೂ ಕೇಳುವವರಿಗೆ ಷಡ್ಜ ಎಲ್ಲಿ ಬದಲಾಯಿತೆಂಬುದು ನಿಮ್ಮ ಸ್ಯಾಕ್ಸೊಫೋನಿನಿಂದಲೇ ತಿಳಿಯುವಂತಿದ್ದರೆ ಆ ಕೃತಿ ನಿಮ್ಮದಾಯಿತು. ತಾಳವನ್ನು ಕೈಯಲ್ಲಿ ಹಾಕುತ್ತಾ ಬೆಳೆದ ನಿಮಗೆ ಈ ದಾರಿ ನನಗಿಂತ ಬೇಗ ಸಾಗುತ್ತದೆಂದು ನಂಬುತ್ತೇನೆ.

ಬ್ಯಾಂಡ್-ಇನ್-ಎ-ಬಾಕ್ಸ್ ಬಗ್ಗೆ ಕೇಳಿದ್ದೀರಿ. ಕೆನಡಾದ ಪಿ.ಜಿ. ಮ್ಯೂಸಿಕ್ ಸಂಸ್ಥೆ 1990ರಲ್ಲಿ ಹೊರತಂದ ತಂತ್ರಾಂಶವಿದು. ಈ ಬಗೆಯ ಸಾಧನಗಳಲ್ಲಿ ಹಿರಿಯದು. ವಿಂಡೋಸ್ ಮತ್ತು ಮ್ಯಾಕ್ ಕಂಪ್ಯೂಟರುಗಳಿಗಾಗಿ ಮಾಡಿದ್ದು. ಇದರ ದೊಡ್ಡ ಗುಣವೆಂದರೆ ನಿಜವಾದ ವಾದಕರು ಸ್ಟುಡಿಯೊದಲ್ಲಿ ನುಡಿಸಿದ ತುಣುಕುಗಳನ್ನು ನಿಮ್ಮ ಕಾರ್ಡ್‌ಗಳಿಗೆ ಹೊಂದುವಂತೆ ಜೋಡಿಸಿ ಕೇಳಿಸುವುದು; ಡ್ರಮ್ಸ್‌ನ ಬ್ರಷ್ ಸದ್ದು ಐರಿಯಲ್ ಪ್ರೊದ ಯಾಂತ್ರಿಕ ಧ್ವನಿಗಿಂತ ಎಷ್ಟೋ ಸಹಜವಾಗಿರುತ್ತದೆ. ಆದರೆ ಆ ತುಣುಕುಗಳು ಮುದ್ರಿತವಾದ ಕಾಲಪ್ರಮಾಣದಿಂದ ಬಹಳ ದೂರ ಎಳೆದರೆ ಧ್ವನಿ ಕೆಡುತ್ತದೆ, ಮತ್ತು ಕಲಿಯುವವರು ಹೆಚ್ಚಾಗಿ ಎಳೆಯುವುದು ನಿಧಾನದ ಕಡೆಗೇ. ಬೆಲೆ ಹಲವು ಪಟ್ಟು ಹೆಚ್ಚು, ಪೂರ್ಣ ಆವೃತ್ತಿ ಡಿಸ್ಕ್‌ನಲ್ಲಿ ಬಹಳ ಜಾಗ ಬೇಡುತ್ತದೆ, ತೆರೆಯ ತುಂಬಾ ಗುಂಡಿಗಳು. ನಿಮ್ಮ ಹಳೆಯ ಲ್ಯಾಪ್‌ಟಾಪ್‌ಗೆ ಅದು ಭಾರ. ಸ್ವಂತ ರಚನೆಗಳನ್ನು ಮಾಡಿ ಧ್ವನಿಮುದ್ರಿಸುವ ಕಾಲಕ್ಕೆ ಅದನ್ನು ಯೋಚಿಸಬಹುದು.

ತಂತ್ರಾಂಶವಲ್ಲದಿದ್ದರೂ ನಾನು ಶಿಫಾರಸು ಮಾಡಲೇಬೇಕಾದ ಇನ್ನೊಂದು ಸಾಧನವಿದೆ. ಅಮೆರಿಕದ ಇಂಡಿಯಾನಾ ರಾಜ್ಯದ ಜೇಮಿ ಎಬರ್‌ಸೋಲ್ಡ್, ಸ್ವತಃ ಆಲ್ಟೊ ವಾದಕರು, 1967ರಲ್ಲಿ ಆರಂಭಿಸಿದ ಪುಸ್ತಕ-ಧ್ವನಿಮುದ್ರಿಕೆಗಳ ಮಾಲೆಯಲ್ಲಿ 133 ಸಂಪುಟಗಳು ಬಂದಿವೆ. ರಾನ್ ಕಾರ್ಟರ್, ಕೆನಿ ಬ್ಯಾರನ್ ಅವರಂಥ ದೊಡ್ಡ ವಾದಕರು ಇವುಗಳಲ್ಲಿ ನಿಮಗಾಗಿ ಜಾಗ ಬಿಟ್ಟು ಪಕ್ಕವಾದ್ಯ ನುಡಿಸಿದ್ದಾರೆ. ಸ್ಟೀರಿಯೊದ ಒಂದು ಬದಿಯಲ್ಲಿ ಬೇಸ್ ಮತ್ತು ಡ್ರಮ್ಸ್, ಇನ್ನೊಂದು ಬದಿಯಲ್ಲಿ ಪಿಯಾನೊ ಮತ್ತು ಡ್ರಮ್ಸ್ ಇರುವುದರಿಂದ ಹೆಡ್‌ಫೋನಿನ ಒಂದು ಬದಿಯನ್ನಷ್ಟೇ ಕೇಳಿ ಪಿಯಾನೊವನ್ನು ತೆಗೆದುಹಾಕಬಹುದು. ಪುಸ್ತಕದಲ್ಲಿ ಇ ಫ್ಲಾಟ್ ವಾದ್ಯಗಳಿಗೆಂದೇ ಪುಟಗಳಿವೆ. ಶ್ರುತಿಯೂ ಕಾಲಪ್ರಮಾಣವೂ ಸ್ಥಿರವೆಂಬುದು ಒಂದೇ ಕೊರತೆ. ಆರು ತಿಂಗಳು ಐರಿಯಲ್ ಪ್ರೊದಲ್ಲಿ ಕಳೆದ ಮೇಲೆ ಇದರ ಒಂದು ಸಂಪುಟ ಕೊಳ್ಳಿ. ಮನುಷ್ಯರ ಕೈಯ ಲಯ ಹೇಗೆ ಉಸಿರಾಡುತ್ತದೆಂಬುದು ಆಗ ನಿಮಗೇ ಕೇಳಿಸುತ್ತದೆ. ಸ್ವಿಂಗ್ ಎಂಬ ಜಾಝ್‌ನ ತೂಗುವ ನಡೆಯನ್ನು ಆ್ಯಪ್‌ನಿಂದ ಕಲಿಯಲು ಹೋಗಬೇಡಿ. ನಿಧಾನಗತಿಯಲ್ಲಿ ಅದು ತಿಶ್ರನಡೆಯ ಕಡೆಗೆ ವಾಲುತ್ತದೆ, ವೇಗ ಏರಿದಂತೆ ಸಮವಾಗುತ್ತಾ ಹೋಗುತ್ತದೆ; ಈ ಜಾರುವಿಕೆಯನ್ನು ಯಂತ್ರ ಒಂದು ಸೂತ್ರವಾಗಿ ಮಾತ್ರ ಬಲ್ಲದು.

ಧ್ವನಿವರ್ಧಕದ ವಿಷಯದಲ್ಲಿ ಜಿಪುಣತನ ಬೇಡ. ಡಬಲ್ ಬೇಸ್‌ನ ಅತಿ ಕೆಳಗಿನ ಸ್ವರ ಸುಮಾರು 41 ಹರ್ಟ್ಸ್. ಫೋನಿನ ಪುಟ್ಟ ಸ್ಪೀಕರಿಗೆ ಅದು ನಿಲುಕುವುದೇ ಇಲ್ಲ, ಸ್ಯಾಕ್ಸೊಫೋನಿನ ಸದ್ದಿನ ಮುಂದಂತೂ ಏನೂ ಉಳಿಯುವುದಿಲ್ಲ. ಮದುವೆ ಕಛೇರಿಗೆ ಬಳಸುವ ಸ್ಪೀಕರಿಗೆ ತಂತಿಯ ಮೂಲಕ ಫೋನನ್ನು ಜೋಡಿಸಿ. ಬ್ಲೂಟೂತ್ ಬಳಸಿದರೆ ಸದ್ದು ತುಸು ತಡವಾಗಿ ಬರುವುದರಿಂದ ತೆರೆಯ ಚೌಕ ಸದ್ದಿಗಿಂತ ಮುಂದೆ ಓಡುತ್ತದೆ.

ನಿಮ್ಮ ಜಿಲ್ಲೆಯವರೇ ಆದ ಕದ್ರಿ ಗೋಪಾಲನಾಥ್ ಅವರು ಅಮೆರಿಕದ ಆಲ್ಟೊ ವಾದಕ ರುದ್ರೇಶ್ ಮಹಾಂತಪ್ಪ ಅವರೊಡನೆ 2008ರಲ್ಲಿ ಒಂದು ಧ್ವನಿಮುದ್ರಿಕೆ ಹೊರತಂದರು. ಒಂದೇ ವಾದ್ಯದ ಎರಡು ನುಡಿಗಳು ಒಟ್ಟಿಗೆ ಕುಳಿತಿರುವ ಅದನ್ನು ದಯವಿಟ್ಟು ಕೇಳಿ.

ಪ್ರಶ್ನೆ: ನಾನು ಲಿನಕ್ಸ್ ಬಳಸುವವನು. ಗಿಟಾರ್ ಅಭ್ಯಾಸಕ್ಕೆ ಹಣ ಕೊಡದೆ ಸಿಗುವ ಒಳ್ಳೆಯ ಜಾಝ್ ತಂತ್ರಾಂಶ ಇದೆಯೇ?
— ವಿದ್ಯಾರ್ಥಿ, ಬೆಂಗಳೂರು

ಉತ್ತರ: ಇದೆ. ಅಮೆರಿಕದ ಹಾರ್ವಿ ಮಡ್ ಕಾಲೇಜಿನಲ್ಲಿ ಪ್ರೊಫೆಸರ್ ರಾಬರ್ಟ್ ಕೆಲ್ಲರ್ ಮತ್ತು ಅವರ ವಿದ್ಯಾರ್ಥಿಗಳು ಬೆಳೆಸಿದ ಇಂಪ್ರೊ-ವೈಸರ್ ಉಚಿತ, ಮುಕ್ತ ತಂತ್ರಾಂಶ. ಜಾವಾ ಇರುವ ಯಾವ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಕಾರ್ಡ್‌ಗಳನ್ನು ಅಕ್ಷರಗಳಲ್ಲಿ ಬರೆದರೆ ಪಕ್ಕವಾದ್ಯ ತಾನೇ ಸಿದ್ಧವಾಗುತ್ತದೆ. ಇದರ ಮುಖ್ಯ ಉದ್ದೇಶ ಮಾತ್ರ ಬೇರೆ: ನಿಮ್ಮ ಮನೋಧರ್ಮದ ಸಾಲುಗಳನ್ನು ಸ್ವರಲಿಪಿಯಲ್ಲಿ ಬರೆದಾಗ ಯಾವ ಸ್ವರ ಕಾರ್ಡ್‌ಗೆ ಸೇರಿದ್ದು, ಯಾವುದು ದಾಟುಸ್ವರ, ಯಾವುದು ಹೊರಗಿನದು ಎಂಬುದನ್ನು ಬಣ್ಣಗಳಲ್ಲಿ ತೋರಿಸುತ್ತದೆ. ವಾರಕ್ಕೊಂದು ಬ್ಲೂಸ್ ಆವರ್ತವನ್ನು ಹೀಗೆ ಬರೆದು, ತಿದ್ದಿ, ಅನಂತರ ಗಿಟಾರಿನಲ್ಲಿ ನುಡಿಸುವುದು ವಿದ್ಯಾರ್ಥಿಗೆ ಬಹಳ ಉಪಯುಕ್ತ. ಪಕ್ಕವಾದ್ಯದ ಧ್ವನಿ ಸಾಧಾರಣ. ಅದಕ್ಕೆ ಮನಸ್ಸು ಮುರಿಯಬೇಡಿ.

ಪ್ರಶ್ನೆ: ಮಗಳು ಪಿಯಾನೊ ಕಲಿಯುತ್ತಿದ್ದಾಳೆ. ಮನೆಯ ಕೀಬೋರ್ಡಿನಲ್ಲೇ ಸ್ವಿಂಗ್, ಬೊಸ್ಸಾ ನೋವಾ ಲಯಗಳಿವೆ. ಜಾಝ್ ಅಭ್ಯಾಸಕ್ಕೆ ಅವು ಸಾಲವೇ?
— ತಾಯಿ, ಮೈಸೂರು

ಉತ್ತರ: ಲಯದ ಪರಿಚಯಕ್ಕೆ ಸಾಕು, ಜಾಝ್ ಪಿಯಾನೊಗೆ ಸಾಲದು. ಆ ಕೀಬೋರ್ಡುಗಳಲ್ಲಿ ಎಡಗೈ ಒತ್ತಿದ ಕಾರ್ಡ್ ಯಂತ್ರಕ್ಕೆ ಕೊಡುವ ಆಜ್ಞೆಯಾಗಿಬಿಡುತ್ತದೆ. ಜಾಝ್‌ನಲ್ಲಿ ಎಡಗೈ ಕಾರ್ಡ್‌ಗಳನ್ನು ಅನಿರೀಕ್ಷಿತ ಜಾಗಗಳಲ್ಲಿ, ಬಲಗೈಯೊಡನೆ ಸಂವಾದಿಸುವಂತೆ ಇಡಬೇಕು. ಮಗು ಕಲಿಯಬೇಕಾದ್ದು ಅದನ್ನೇ. ಸ್ವಯಂಚಾಲಿತ ಪಕ್ಕವಾದ್ಯವನ್ನು ನಿಲ್ಲಿಸಿ, ಫೋನಿನಲ್ಲಿ ಮೇಲೆ ಹೇಳಿದ ಆ್ಯಪ್‌ನ ಪಿಯಾನೊವನ್ನು ಪೂರ್ತಿ ಮೌನವಾಗಿಸಿ, ಬೇಸ್ ಮತ್ತು ಡ್ರಮ್ಸ್ ಜೊತೆ ಎರಡೂ ಕೈಗಳಿಂದ ನುಡಿಸಲಿ. ಆರಂಭದಲ್ಲಿ ಎಡಗೈಗೆ ಪ್ರತಿ ಕಾರ್ಡ್‌ನ ಮೂರನೆಯ ಮತ್ತು ಏಳನೆಯ ಸ್ವರಗಳೆರಡೇ ಸಾಕು. ಮೂಲಸ್ವರವನ್ನು ಬೇಸ್ ನೋಡಿಕೊಳ್ಳುತ್ತದೆ.