ಮನೆಗೆ ತಾಮ್ರದ ಹೊದಿಕೆ

ಪ್ರಶ್ನೆ: ಕಲಬುರಗಿಯಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಮುಂದಿನ ಗೋಡೆಗೆ ತಾಮ್ರದ ತಗಡು ಹೊದಿಸಿದರೆ ಬೇಗ ಹಸಿರಾಗುತ್ತದಾ? ಕೆಳಗೆ ಶಹಾಬಾದ್ ಕಲ್ಲು ಹಾಸಿದ್ದೇವೆ.

ಉತ್ತರ: ಹಸಿರಿನ ಚಿಂತೆ ಬಿಡಿ. ನಮ್ಮ ಒಣ ಹವೆಯಲ್ಲಿ ತಾಮ್ರ ಮೊದಲು ಕಂದಾಗುತ್ತದೆ, ಹಸಿರಾಗಲು ದಶಕಗಳೇ ಬೇಕು. ನನಗಂತೂ ಆ ಕಂದೇ ಇಷ್ಟ. ನನಗಿರುವ ಚಿಂತೆ ಕಲ್ಲಿನದು. ತಗಡಿನಿಂದ ಇಳಿದ ಮಳೆನೀರು ಶಹಾಬಾದ್ ಕಲ್ಲಿನ ಮೇಲೆ ಹಸಿರು ಗೆರೆ ಎಳೆಯುತ್ತದೆ. ನಮ್ಮ ಬಚ್ಚಲಲ್ಲಿ ತಾಮ್ರದ ಹಂಡೆ ಇಟ್ಟಿದ್ದ ಕಡೆ ಬಳೆಯಂಥ ಕಲೆ ಇನ್ನೂ ಇದೆ, ಎಷ್ಟು ಉಜ್ಜಿದರೂ ಹೋಗಿಲ್ಲ. ಅದಕ್ಕೇ ತಗಡಿನ ಕೆಳಗಂಚನ್ನು ಹೊರಕ್ಕೆ ಮಡಿಸಿ, ನೀರು ಕಲ್ಲಿಗೆ ಬೀಳದಂತೆ ಹರಿದುಹೋಗುವ ದೋಣಿ ಕೊಡಿಸಿ. ಕಬ್ಬಿಣದ ಮೊಳೆ ಬೇಡವೇ ಬೇಡ. ತಾಮ್ರಕ್ಕೆ ತಾಗಿ ಒದ್ದೆಯಾದರೆ ಅದು ಬೇಗ ತುಕ್ಕು ಹಿಡಿಯುತ್ತದೆ. ತಾಮ್ರದ ಮೊಳೆಯೇ ಇರಲಿ. ಇನ್ನು ಬಿಸಿಲು ಗೊತ್ತಲ್ವಾ? ಬಿಸಿ ಇದ್ದುದಕ್ಕಿಂತ 40 ಡಿಗ್ರಿಯಷ್ಟು ಹೆಚ್ಚಿದರೆ 3 ಮೀಟರ್ ತಗಡು ಸುಮಾರು 2 ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟು ಜಾಗ ಬಿಡಿಸಿ.