ಜೂಜಾಡದವರಿಗೂ ಲಾಸ್ ವೇಗಸ್‌ನಲ್ಲಿ ನೋಡೋಕೆ ಬೇಕಾದಷ್ಟಿದೆ

ಜೂಜಾಡದ ಅಪ್ಪ ಅಮ್ಮನನ್ನು ಜುಲೈನಲ್ಲಿ ಲಾಸ್ ವೇಗಸ್‌ಗೆ ಕರೆದುಕೊಂಡು ಹೋದರೆ ಅವರಿಗೆ ಬೇಜಾರಾಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ, ಆದರೆ ಜುಲೈ ಬೇಡ. ಬಿಸಿಲು 40 ಡಿಗ್ರಿ ದಾಟುತ್ತದೆ, ದೊಡ್ಡ ಹೋಟೆಲ್‌ಗಳು ಸಾಲಾಗಿರುವ ಮುಖ್ಯ ರಸ್ತೆ ಸ್ಟ್ರಿಪ್ ಸುಮಾರು 7 ಕಿಲೋಮೀಟರ್ ಉದ್ದ, ಪಕ್ಕದಲ್ಲೇ ಇದೆ ಅಂತ ಕಾಣುವ ಹೋಟೆಲ್‌ಗೂ ಮೇಲ್ಸೇತುವೆ ಹತ್ತಿ ಇಳಿದು ಹೋಗುವಷ್ಟರಲ್ಲಿ ವಯಸ್ಸಾದವರ ಕಾಲು ಸೋತುಹೋಗುತ್ತದೆ. ಅಕ್ಟೋಬರ್ ಕೊನೆಗೆ ಹೋಗಿ. ಸಂಜೆ ಬೆಲಾಜಿಯೋ ಹೋಟೆಲ್ ಮುಂದಿನ ಕಾರಂಜಿ ತೋರಿಸಿ, ದುಡ್ಡು ಕೊಡಬೇಕಿಲ್ಲ. ನಮ್ಮಮ್ಮ ಮೂರು ಸಲ ನಿಂತು ನೋಡಿದರು. ಒಂದು ದಿನ ಹೂವರ್ ಅಣೆಕಟ್ಟಿಗೆ ಇಡಿ, ಕಾರಿನಲ್ಲಿ ಮುಕ್ಕಾಲು ಗಂಟೆ ಅಷ್ಟೇ. ರೂಮ್ ಅಗ್ಗ ಅಂತ ಸುಮ್ನೆ ಬುಕ್ ಮಾಡಬೇಡಿ, ಬಾಡಿಗೆ ಮೇಲೆ ದಿನಕ್ಕಿಷ್ಟು ಅಂತ ರೆಸಾರ್ಟ್ ಫೀ ಅನ್ನೋ ಹೋಟೆಲ್ ಶುಲ್ಕ ಬೇರೆ ಸೇರುತ್ತದೆ. ಅಪ್ಪನಿಗೆ ಸಿಗರೇಟ್ ಹೊಗೆ ಆಗಲ್ಲ ಅಂದಿರಲ್ವಾ, ಹಾಗಾದರೆ ವ್ಡಾರಾ ಹೋಟೆಲ್ ನೋಡಿ. ಅಲ್ಲಿ ಹೊಗೆ ತುಂಬುವ ಕ್ಯಾಸಿನೋನೇ ಇಲ್ಲ, ಬೆಲಾಜಿಯೋಗೆ ನಡೆದೇ ಹೋಗಬಹುದು.